ಬೇವಿನ ಮರದಿಂದ ಬಾಗಿಲವರೆಗೆ

ಮೊಳಕಾಲ್ಮುರು
12 ಫೆಬ್ರವರಿ 2024

ಅಣ್ಣಾ,

ಈ ಕಾಗದವನ್ನು ಮಾರಯ್ಯನ ಕೈಗೆ ಕೊಟ್ಟಿದ್ದೇನೆ. ಎತ್ತಿನ ರೊಪ್ಪಕ್ಕೆ ಉಪ್ಪು, ಹಿಟ್ಟು ತರುವಾಗ ನಿನಗೆ ಮುಟ್ಟಿಸುತ್ತಾನೆ. ದೇವರ ಎತ್ತುಗಳಿರುವ ಕಡೆ ಫೋನು ತರಬಾರದು, ಹೆಂಗಸರು ಕಾಲಿಡಬಾರದು. ಹೀಗಾಗಿ ಆ ಎತ್ತು ಕಾಯುವ ಕಿಲಾರಿ ಅಣ್ಣನನ್ನು ಒಂದು ಮಾತು ಕೇಳಬೇಕೆಂದರೂ ತಂಗಿ ಪೆನ್ನು ಹುಡುಕಬೇಕು.

ಮಾಂತೇಶ ಹೋಗಿ ತಿಂಗಳಾಯಿತು. ಅವ್ವ ನಮ್ಮ ಮನೆಯಲ್ಲೇ ಇದ್ದಾಳೆ. ಮಗ್ಗದ ಸದ್ದಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾಳೆ, ಸದ್ದು ನಿಲ್ಲಿಸಿದರೂ ಮಲಗುವುದಿಲ್ಲ. ಮಣ್ಣು ಮಾಡಿದ ದಿನ ನೀನು ದೂರದ ಜಾಲಿ ಮರದ ಕೆಳಗೆ ನಿಂತಿದ್ದೆ. ಕಿಲಾರಿ ಹೆಣ ಮುಟ್ಟುವಂತಿಲ್ಲ, ಸೂತಕದವರನ್ನು ಹತ್ತಿರ ಸೇರಿಸುವಂತಿಲ್ಲ. ಹೆಗಲು ಕೊಟ್ಟವರೆಲ್ಲ ಬೇರೆ ಮನೆಯವರು. ಒಡಹುಟ್ಟಿದ ತಮ್ಮನಿಗೆ ನೀನು ಒಂದು ಹಿಡಿ ಮಣ್ಣು ಹಾಕಲಿಲ್ಲ.

ಈಗ ಕೇಳು. ಮೊನ್ನೆ ಚಳ್ಳಕೆರೆಗೆ ಹೋಗಿ ಆ ಆಸ್ಪತ್ರೆಯಿಂದ ಮಾಂತೇಶನ ಕಾಗದಗಳ ನಕಲು ತಂದೆ. ಎಮರ್ಜೆನ್ಸಿಗೆ ಬಂದಾಗ ಬಾಯಲ್ಲಿ, ಬಟ್ಟೆಯಲ್ಲಿ ಮದ್ಯದ ವಾಸನೆ ಇತ್ತು, ಅಮಲು ಇಳಿಯಲಿ ಎಂದು ಮಲಗಿಸಿದ್ದೆವು ಅಂತ ಬರೆದಿದ್ದಾರೆ. ನಮ್ಮ ಮಾಂತೇಶ! ಈಚಲು ಮರದ ನೆರಳಿಗೂ ನಿಲ್ಲದ ಮನೆಯಲ್ಲಿ ಹುಟ್ಟಿದವನು. ಈ ಸುದ್ದಿ ನನಗಿಂತ ಮೊದಲೇ ನಮ್ಮ ಕುಲದ ಕಟ್ಟೆಮನೆಯ ಹಿರಿಯರಿಗೆ ಮುಟ್ಟಿದೆ. ಕುಡಿದು ಸತ್ತವನಿಗೆ ಹಿರಿಯರ ಪೂಜೆಯಲ್ಲಿ ಎಡೆ ಇಡುವಂತಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಅವ್ವ ಅದನ್ನು ಕೇಳಿದ ದಿನದಿಂದ ಅಳುವುದನ್ನೂ ಬಿಟ್ಟಿದ್ದಾಳೆ.

ಅವತ್ತು ಜೊತೆಗಿದ್ದವನು ನೀನು. ಏನಾಯಿತು ಎಂದು ಬರೆ. ಎಲ್ಲವನ್ನೂ ಬರೆ.

ನಿನ್ನ ತಂಗಿ,
ಸುನಿತಾ


ಗೌರಸಮುದ್ರದ ಕಾವಲು
3 ಮಾರ್ಚ್ 2024

ತಂಗಿ ಸುನಿತಾಳಿಗೆ,

ಇಲ್ಲಿ ಎತ್ತುಗಳು ಚೆನ್ನಾಗಿವೆ. ಏಳನೇ ಕ್ಲಾಸಿನ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಅವತ್ತು ನಾನು ಹಿಂಡಿ ತರಲು ಚಳ್ಳಕೆರೆಗೆ ಹೋಗಿದ್ದೆ. ಮಾಂತೇಶ ಕೆಲಸ ಮಾಡುವ ಎಣ್ಣೆ ಮಿಲ್ಲಿಗೇ ಹೋದೆ, ದೇವರ ಎತ್ತಿಗೆ ಎಂದರೆ ಅವನು ಒಳ್ಳೆಯದನ್ನು ಆರಿಸಿ ಕೊಡುತ್ತಿದ್ದ. ಮೇಲಿನ ಚೀಲದಲ್ಲಿ ಹೊಸ ಶೇಂಗಾ ಹಿಂಡಿ ಐತೆ ಎಂದು ಚೀಲಗಳ ಅಟ್ಟಿಯ ಮೇಲೆ ಹತ್ತಿದ. ಚೀಲ ಜಾರಿತು. ತಲೆ ಕೆಳಗಾಗಿ ಬಿದ್ದ. ರಕ್ತ ಬರಲಿಲ್ಲ. ಎದ್ದು ಕೂತು ನಕ್ಕ. ಸ್ವಲ್ಪ ಹೊತ್ತಿಗೆ ವಾಂತಿಯಾಯಿತು, ಮಾತು ತೊದಲಿತು. ಜೊತೆಯ ಹಮಾಲಿ ಪಾಲಾಕ್ಷ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಆಟೋದಲ್ಲಿ ಕೂತ. ನಾನು ಮುಂದೆ ಡ್ರೈವರನ ಪಕ್ಕ ಕೂತೆ.

ಆಸ್ಪತ್ರೆಯಲ್ಲಿ ಪಾಲಾಕ್ಷ ಅವನನ್ನು ಒಳಗೆ ಕರೆದುಕೊಂಡು ಹೋದ. ಅಂಗಳದಲ್ಲಿ ಒಂದು ಬೇವಿನ ಮರ ಇದೆ. ನಾನು ಅಲ್ಲಿ ನಿಂತೆ. ಆಮೇಲೆ ಪಾಲಾಕ್ಷ ಬಂದು, "ಗ್ಲೂಕೋಸ್ ಹಾಕವ್ರೆ ಅಣ್ಣ, ಮಲಗವ್ನೆ. ಏಳೋವರ್ಗೂ ಎಬ್ಬಿಸಬ್ಯಾಡಿ ಅಂದ್ರು ಡಾಕ್ಟ್ರು" ಎಂದ. ಅವನು ಮಿಲ್ಲಿಗೆ ಹೋದ. ಮಾಂತೇಶ ಮಲಗಿದ್ದ ಕಿಟಕಿ ನನಗೆ ಕಾಣುತ್ತಿತ್ತು. ಗೊರಕೆ ಕೇಳಿಸುತ್ತಿತ್ತು. ದಣಿದಿದ್ದಾನೆ, ಮಲಗಲಿ ಎಂದುಕೊಂಡೆ. ಬೆಳಗ್ಗೆ ಗೊರಕೆ ನಿಂತಿತು. ಎದ್ದ ಎಂದುಕೊಂಡೆ.

ಅವ್ವನನ್ನು ನೋಡಿಕೊ.

ಇಂತಿ,
ಕಿಲಾರಿ ಗಾದ್ರಪ್ಪ


ಮೊಳಕಾಲ್ಮುರು
19 ಮಾರ್ಚ್ 2024

ಅಣ್ಣಾ,

ನಿನ್ನ ಕಾಗದವನ್ನು ಅವ್ವನಿಗೆ ಪೂರ್ತಿ ಓದಲಿಲ್ಲ. ಎತ್ತುಗಳು ಚೆನ್ನಾಗಿವೆ ಎಂಬಲ್ಲಿಗೇ ನಿಲ್ಲಿಸಿದೆ.

ನಾನು ಪಾಲಾಕ್ಷನನ್ನು ಹುಡುಕಿಕೊಂಡು ಮಿಲ್ಲಿಗೆ ಹೋಗಿದ್ದೆ. ನನ್ನನ್ನು ಕಂಡವನೇ ಚೀಲ ಕೆಳಗಿಟ್ಟು ಅತ್ತ. "ವಾಸ್ನೆ ನಂದು ಅಕ್ಕಾ" ಎಂದ. "ಮಧ್ಯಾನ ಊಟಕ್ಕೆ ಮುಂಚೆ ಒಂದು ಕ್ವಾಟ್ರು ಹಾಕಿದ್ದೆ. ಅವನ್ನ ಮಡಿಲಾಗೆ ಹಾಕ್ಕಂಡು ಬಂದೆ, ನನ್ ಎದೆಗೆ ಒರಗಿದ್ದ. ಅವನ ಅಂಗಿಗೆಲ್ಲ ನನ್ ವಾಸ್ನೆ ಹತ್ತಿತ್ತು. ಡಾಕ್ಟ್ರು ಬಗ್ಗಿ ನೋಡಿ, ಇವನು ಕುಡಿದವ್ನೆ, ಆ ಮೂಲೆ ಬೆಡ್ಡಿಗೆ ಹಾಕ್ರಿ ಅಂದ್ರು. ನಾನು ಬಾಯಿ ಬಿಟ್ರೆ ನನ್ ವಾಸ್ನೆ ಬರ್ತೈತೆ ಅಂತ ಬಾಯಿ ಮುಚ್ಕಂಡು ನಿಂತ್ಕಂಡೆ."

ಅವನನ್ನು ಬೈಯಲು ಹೋದವಳು ಬೈಯದೆ ಬಂದೆ. ಭಯ ಬಿದ್ದ ಕೂಲಿಯವನನ್ನು ಏನೆಂದು ಬೈಯಲಿ? ಆ ಡಾಕ್ಟರು ತಲೆ ಮುಟ್ಟಿ ನೋಡಿಲ್ಲ, ಕಣ್ಣಿಗೆ ಬ್ಯಾಟರಿ ಬಿಟ್ಟಿಲ್ಲ, ಎಲ್ಲಿಂದ ಬಿದ್ದ ಎಂದು ಕೇಳಿಲ್ಲ. ಮೂಗೊಂದಿದ್ದರೆ ಸಾಕು, ಡಾಕ್ಟರಿಕೆ ನಡೆಯುತ್ತದೆ.

ಆದರೆ ಅಣ್ಣಾ, ಇಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಬಿಡುತ್ತೇನೆ. ನೀನು ಯಾಕೆ ಒಳಗೆ ಹೋಗಲಿಲ್ಲ? ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಇವನು ತಲೆ ಕೆಳಗಾಗಿ ಬಿದ್ದಿದ್ದಾನೆ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಿನ್ನ ಎತ್ತು ಬಿದ್ದು ಹಾಗೆ ಗೊರಕೆ ಹೊಡೆದಿದ್ದರೆ ನೀನು ಮರದ ಕೆಳಗೆ ನಿಂತಿರುತ್ತಿದ್ದೆಯಾ?

ಇನ್ನೊಂದು. ಆ ಆಸ್ಪತ್ರೆ ಕಾಗದಗಳಲ್ಲಿ ಪೋಸ್ಟ್‌ಮಾರ್ಟಂ ಬೇಡ ಎಂದು ಸಹಿ ಹಾಕಿದವರು ಯಾರು?

ಸುನಿತಾ


ಗೌರಸಮುದ್ರದ ಕಾವಲು
2 ಏಪ್ರಿಲ್ 2024

ತಂಗಿಗೆ,

ಎತ್ತುಗಳು ಚೆನ್ನಾಗಿವೆ. ನೀರು ಕಮ್ಮಿ.

ಸಹಿ ನನ್ನದು. ಆಸ್ಪತ್ರೆಯ ಒಬ್ಬರು ಮರದ ಹತ್ತಿರ ಬಂದರು. ಚಪ್ಪಲಿ ಬಿಟ್ಟು ಬಂದರು, ನೋಡು. "ದೇವ್ರ ಎತ್ತು ಕಾಯೋರು ನೀವು. ಹೆಣ ಕೊಯ್ಸಿ ಯಾಕ್ರಿ ಮೈಲಿಗೆ ಮಾಡ್ತೀರಿ? ಪೊಲೀಸು ಗಿಲೀಸು ಏನೂ ಬ್ಯಾಡ, ಆಂಬುಲೆನ್ಸು ನಾವೇ ಕೊಡ್ತೀವಿ, ಊರಿಗೆ ತಗೊಂಡು ಹೋಗ್ರಿ" ಅಂದರು. ಕೊಯ್ದ ಮೈ ಮಣ್ಣಿಗೆ ಸಲ್ಲದು ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೂ ಗೊತ್ತು. ಅಂಥ ಹೊತ್ತಿನಲ್ಲಿ ಅಷ್ಟು ಮರ್ಯಾದೆಯಿಂದ ಮಾತಾಡಿದವರು ಅವರೊಬ್ಬರೇ.

ಒಳಗೆ ಯಾಕೆ ಹೋಗಲಿಲ್ಲ ಎಂದು ಕೇಳಿದ್ದೀಯ. ಕಿಲಾರಿಯಾದವನು ಹೆರಿಗೆಯಾದ ಮನೆ, ಸಾವಾದ ಮನೆಯ ಹೊಸಿಲು ದಾಟಬಾರದು. ಆಸ್ಪತ್ರೆ ಎರಡೂ ಆಗುವ ಮನೆ. ಇದು ನಾನು ಮಾಡಿದ ಕಟ್ಟಲ್ಲ. ದಾಟಿದರೆ ಅವತ್ತೇ ಕಿಲಾರಿಕೆ ಬಿಟ್ಟು ಕೋಲು ಕೆಳಗಿಡಬೇಕಿತ್ತು. ಒಳಗೆ ಓದಿದವರಿದ್ದಾರೆ, ನೋಡಿಕೊಳ್ಳುತ್ತಾರೆ ಎಂದು ನಂಬಿದೆ.

ಇಂತಿ,
ಕಿಲಾರಿ ಗಾದ್ರಪ್ಪ


ಮೊಳಕಾಲ್ಮುರು
6 ಮೇ 2024

ಅಣ್ಣಾ,

ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಿನ್ನ ಕೈಯಿಂದ ಸಹಿ ತೆಗೆದುಕೊಂಡಿದ್ದಾರೆ. ಚಪ್ಪಲಿ ಬಿಟ್ಟದ್ದನ್ನು ನೀನು ಇನ್ನೂ ನೆನೆಯುತ್ತಿದ್ದೀಯ.

ಚಳ್ಳಕೆರೆಯಲ್ಲಿ ತಿಪ್ಪೇರುದ್ರಮ್ಮ ಅಂತ ಒಬ್ಬರು ವಕೀಲರಿದ್ದಾರೆ. ಅವರ ಹತ್ತಿರ ಹೋಗಿದ್ದೆ. ಎಲ್ಲ ಓದಿದರು, ಕನ್ನಡಕ ತೆಗೆದಿಟ್ಟು ಹೇಳಿದರು: "ನೋಡವ್ವ, ಸುಳ್ಳು ಆಸೆ ಹುಟ್ಸಲ್ಲ. ಪೋಸ್ಟ್‌ಮಾರ್ಟಂ ಇಲ್ಲ, ರಕ್ತ ಪರೀಕ್ಷೆ ಇಲ್ಲ, ತಲೆ ಸ್ಕ್ಯಾನ್ ಇಲ್ಲ. ಅವರ ಹತ್ರ ವಾಸನೆ ಐತೆ, ನಿಮ್ಮ ಹತ್ರ ಏನೈತೆ?" ನಾನು ಪಾಲಾಕ್ಷನ ಹೆಸರು ಹೇಳಿದೆ. ಅವನು ನಾಳೆ ನಿಲ್ಲುತ್ತಾನೆ ಎಂದು ಏನು ಗ್ಯಾರಂಟಿ ಎಂದರು. ಆಮೇಲೆ ಸುಟ್ಟಿರೋ, ಹೂತಿರೋ ಎಂದು ಕೇಳಿದರು. ಹೂತಿದ್ದೇವೆ ಎಂದೆ.

ಬುರುಡೆ ಬಿರಿದಿದ್ದರೆ ಮೂಳೆ ಅದನ್ನು ವರ್ಷಗಟ್ಟಲೆ ಹೇಳುತ್ತದಂತೆ ಅಣ್ಣಾ. ಅರ್ಜಿ ಕೊಟ್ಟರೆ ಅಧಿಕಾರಿಗಳೇ ನಿಂತು ತೆಗೆಸುತ್ತಾರೆ, ದುರ್ಗದ ದೊಡ್ಡಾಸ್ಪತ್ರೆಯಿಂದ ಡಾಕ್ಟರು ಬಂದು ನೋಡುತ್ತಾರೆ. ತೊದಲಿದ್ದು, ವಾಂತಿ ಮಾಡಿದ್ದು, ಗೊರಕೆ ಹೊಡೆದದ್ದು ಹೆಂಡದಿಂದ ಅಲ್ಲ, ಒಳಗೆ ರಕ್ತ ಕಟ್ಟಿ ಎಂದು ಆಗ ತೋರಿಸಬಹುದು. ಗೊರಕೆಯೂ ಅದೇ ಅಂತೆ. ಅದು ನಿದ್ದೆ ಆಗಿರಲಿಲ್ಲವಂತೆ.

ಬೇಡ ಎಂದು ಸಹಿ ಹಾಕಿದವನೇ ಈಗ ಬೇಕು ಎಂದು ಬರಬೇಕಂತೆ. ಗುಂಡಿಯ ಹತ್ತಿರ ನಿಂತು, ಇದೇ ನನ್ನ ತಮ್ಮನ ಜಾಗ ಎಂದು ತೋರಿಸಬೇಕಂತೆ. ನಾನು ಕೇಸು ಹಾಕುವುದು ಆಸ್ಪತ್ರೆಗೆ ಬೀಗ ಹಾಕಿಸಲು ಅಲ್ಲ. ಅವನು ಕುಡಿದಿರಲಿಲ್ಲ ಎಂದು ಅವರ ಬಾಯಲ್ಲಿ ಬರಬೇಕು. ಅವನಿಗೊಂದು ಎಡೆ ಸಿಗಬೇಕು. ಅಷ್ಟೇ.

ಬರ್ತೀಯಾ?

ಸುನಿತಾ


ಗೌರಸಮುದ್ರದ ಕಾವಲು
28 ಮೇ 2024

ತಂಗಿಗೆ,

ಎತ್ತುಗಳು ಚೆನ್ನಾಗಿವೆ. ಮುದಿ ಎತ್ತೊಂದು ಮೇವು ಬಿಟ್ಟಿತ್ತು, ಈಗ ತಿನ್ನುತ್ತಿದೆ.

ಹೂತವನನ್ನು ತೆಗೆಯುವುದು ಬೇಡ. ಮಲಗಿದವನು ಮಲಗಿರಲಿ.

ಕಿಲಾರಿ ಗಾದ್ರಪ್ಪ


ಮೊಳಕಾಲ್ಮುರು
9 ಜೂನ್ 2024

ಅಣ್ಣಾ,

ಮಲಗಿರಲಿ ಎಂದು ಒಂದು ಸಲ ಬಿಟ್ಟಿದ್ದಕ್ಕೇ ಅವನು ಏಳಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನೀನು ಕೂತಿದ್ದೀಯ. ಕೂತಿರು. ನಿನ್ನ ಕಾಗದವನ್ನು ಈ ಸಲ ಅವ್ವನಿಗೆ ಪೂರ್ತಿ ಓದಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ: "ನಾಯನಾ, ನಿನ್ ಕೋಲು ನಿನಗಿರ್ಲಿ. ಅವನಿಗೆ ಎಡೆ ಇಲ್ದಿದ್ರೆ ನಾನು ಸತ್ತಾಗ ನನಗೂ ಎಡೆ ಇಡಬ್ಯಾಡ್ರಿ. ಅವನು ಹೊರಗೆ ನಿಂತಿರ್ತಾನೆ, ನಾನು ಒಳಗೆ ಕುಂತು ಹೆಂಗ್ ಉಣ್ಲಿ?"

ಇನ್ನು ನಾನು ಬರೆಯುವುದಿಲ್ಲ.

ಸುನಿತಾ


ಚಳ್ಳಕೆರೆ
22 ಸೆಪ್ಟೆಂಬರ್ 2024

ತಂಗಿ ಸುನಿತಾಳಿಗೆ,

ಮೊನ್ನೆ ಸ್ಮಶಾನದಲ್ಲಿ ನಿನ್ನ ಜೊತೆ ಮಾತಾಡಲು ಆಗಲಿಲ್ಲ. ನೀನು ಟಾರ್ಪಾಲಿನ ಆಚೆ ಅವ್ವನನ್ನು ಹಿಡಿದುಕೊಂಡಿದ್ದೆ. ಒಳಗೆ ಏನು ನಡೆಯಿತೆಂದು ನೀನು ಕೇಳುವುದಿಲ್ಲ, ಗೊತ್ತು. ಆದರೂ ಒಬ್ಬರಾದರೂ ಬರೆದಿಡಬೇಕಲ್ಲ.

ಅವ್ವನ ಮಾತು ಓದಿದ ಮೇಲೆ ಅರ್ಜಿಗೆ ಸಹಿ ಹಾಕಿದೆ. ತೆಗೆಯುವ ಹಿಂದಿನ ದಿನವೇ ಕಟ್ಟೆಮನೆಗೆ ಹೋಗಿ ಹಿರಿಯರ ಮುಂದೆ ಕೋಲು ಒಪ್ಪಿಸಿದೆ. ಯಾರೂ ಬೈಯಲಿಲ್ಲ. ಇನ್ನು ಇವನು ರೊಪ್ಪದ ಬೇಲಿ ದಾಟುವಂತಿಲ್ಲ ಎಂದು ಹೇಳಿ ಎಲೆ ಅಡಿಕೆ ಕೊಟ್ಟರು. ನಾನು ಹೊರಟಾಗ ಎತ್ತುಗಳು ಮೇಯುತ್ತಿದ್ದವು. ಒಂದೂ ತಲೆ ಎತ್ತಿ ನೋಡಲಿಲ್ಲ.

ಅಗೆಯಲು ಕರೆಸಿದ ಆಳುಗಳು ಸ್ವಲ್ಪ ಅಗೆದು ಹಿಂದೆ ಸರಿದರು. ಸನಿಕೆ ನಾನೇ ತೆಗೆದುಕೊಂಡೆ. ಅವತ್ತು ಹಾಕದ ಮಣ್ಣನ್ನು ಈಗ ತೆಗೆದೆ. ದುರ್ಗದ ಡಾಕ್ಟರು ಒಳ್ಳೆಯವರು. ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಹಿಂದೆ ಹೆಬ್ಬೆರಳು ಆಡಿಸಿ, "ಇಲ್ಲಿ ನೋಡ್ರಿ, ಬಿರುಕು" ಎಂದರು. ಒಣಗಿದ ಕೆರೆಯಲ್ಲಿ ಬಿಟ್ಟಂಥ ಬಿರುಕು. ನಾನು ಮುಟ್ಟಬಹುದೇ ಎಂದು ಕೇಳಿದೆ. ಮುಟ್ಟಿ ಎಂದರು. ಚಿಕ್ಕವನಿದ್ದಾಗ ಎಣ್ಣೆ ಹಚ್ಚಿದ ತಲೆ ಅದು.

ಮಿಲ್ಲಿನಲ್ಲಿ ಅವನು ಮಾಡುತ್ತಿದ್ದ ಕೆಲಸವನ್ನೇ ಕೇಳಿದೆ, ಕೊಟ್ಟರು. ಈಗ ನನಗೆ ಫೋನು ಬಂದಿದೆ. ಆದರೂ ಕಾಗದವೇ ಇರಲಿ. ಫೋನಿನಲ್ಲಿ ನೀನು ಅಳುತ್ತೀಯ, ನನಗೆ ಏನು ಹೇಳಬೇಕೆಂದು ತಿಳಿಯುವುದಿಲ್ಲ.

ಬಿರುಕು ಸಿಕ್ಕಿದೆ. ಅವ್ವನಿಗೆ ಹೇಳು.

ನಿನ್ನ ಅಣ್ಣ,
ಗಾದ್ರಪ್ಪ


ಮೊಳಕಾಲ್ಮುರು
17 ನವೆಂಬರ್ 2025

ಅಣ್ಣಾ,

ತೀರ್ಪು ಬಂತು. ತಿಪ್ಪೇರುದ್ರಮ್ಮನವರು ಫೋನು ಮಾಡಿದಾಗಲೇ ಅವರ ದನಿಯಲ್ಲಿ ಗೊತ್ತಾಯಿತು. ನಿನಗೆ ಅವರು ಹೇಳುತ್ತೇನೆಂದರು, ಬೇಡ, ನಾನೇ ಬರೆಯುತ್ತೇನೆ ಎಂದೆ.

ಬಿರುಕು ಇದ್ದದ್ದು ನಿಜವಂತೆ. ಆದರೆ ಸ್ಕ್ಯಾನ್ ಮಾಡಿದ್ದರೆ ಬದುಕುತ್ತಿದ್ದ ಎಂದು ಖಚಿತವಾಗಿ ಹೇಳಲಾಗದು ಎಂದು ಡಾಕ್ಟರುಗಳ ಸಮಿತಿ ಬರೆದುಕೊಟ್ಟಿದೆ. ಜೊತೆಗೆ ಬಂದವರು ಬಿದ್ದ ವಿಷಯ ಹೇಳಲಿಲ್ಲ, ಮದ್ಯದ ವಾಸನೆ ಇತ್ತು, ಅಣ್ಣನಾದವನು ಹೊರಗೇ ಇದ್ದು ಒಮ್ಮೆಯೂ ಬಂದು ವಿಚಾರಿಸಲಿಲ್ಲ, ಪೋಸ್ಟ್‌ಮಾರ್ಟಂ ತಾನಾಗಿಯೇ ನಿರಾಕರಿಸಿದ. ಆದ್ದರಿಂದ ನಿರ್ಲಕ್ಷ್ಯ ಸಾಬೀತಾಗಿಲ್ಲ. ಪಾಲಾಕ್ಷ ವಿಚಾರಣೆಯ ದಿನ ಬಂದಿದ್ದನಲ್ಲ, ನೀನೂ ಕೇಳಿದೆಯಲ್ಲ, "ನೆಪ್ಪಿಲ್ಲ ಸಾಮಿ" ಎಂದದ್ದನ್ನು. ಆ ದಿನ ಡ್ಯೂಟಿಯಲ್ಲಿದ್ದ ಡಾಕ್ಟರು ಈಗ ಯಾವ ಊರಲ್ಲಿದ್ದಾನೋ ಆಸ್ಪತ್ರೆಯವರಿಗೇ ಗೊತ್ತಿಲ್ಲವಂತೆ. ಮೇಲಿನ ಕೋರ್ಟಿಗೆ ಹೋಗಬಹುದು, ಆದರೆ ಹೋಗಿ ಎಂದು ನಾನು ಹೇಳಲಾರೆ ಎಂದರು ವಕೀಲರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆವು ಅಣ್ಣಾ. ನಿನ್ನ ಕೋಲನ್ನೂ ಕಳೆದೆ. ಅದು ನನ್ನಿಂದ. ನೀನು ಅಲ್ಲ ಎಂದು ಬರೆಯಬೇಡ.

ಇನ್ನೊಂದು ಹೇಳಬೇಕು. ತೀರ್ಪು ತಂದ ದಿನ ಅವ್ವ ಬಾಗಿಲಲ್ಲೇ ಕೂತಿದ್ದಳು. "ಕುಡಿದಿರ್ಲಿಲ್ಲ ಅಂತ ಬರ್ದವ್ರಾ?" ಎಂದು ಕೇಳಿದಳು. ಹೂಂ ಎಂದೆ. ಎಲ್ಲಿ ಬರೆದಿದ್ದಾರೆ ತೋರಿಸು ಎಂದಳು. ಯಾವುದೋ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಓದು ಬಾರದವಳು ಆ ಸಾಲನ್ನು ಸವರಿದಳು. ಕಾಗದದ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ಹಿರಿಯರು ಒಪ್ಪದಿದ್ದರೆ ಬಿಡಲಿ, ನಮ್ಮ ಮನೆಯಲ್ಲೇ ಇಡುತ್ತೇನೆ ಎಂದು ಅವನಿಗೆ ಎಡೆ ಮಾಡಿದಳು. ಅನ್ನ, ಬೇಳೆ, ಅವನಿಗೆ ಇಷ್ಟವಾದ ಶೇಂಗಾ ಚಟ್ನಿ. ಈಗ ದಿನಾ ಬೆಳಗ್ಗೆ ಅವಳು ದೀಪ ಹಚ್ಚುವುದು, ಮಗ ಕುಡಿದಿದ್ದ ಎಂದು ಬರೆದ ಕಾಗದಕ್ಕೆ. ನಾನು ಮಗ್ಗದ ಗುಂಡಿಯಲ್ಲಿ ಕೂತು ನೋಡುತ್ತೇನೆ.

ಬಿಡುವಾದಾಗ ಒಂದು ಸಲ ಬಂದು ಹೋಗು. ಅವ್ವನ ಮುಂದೆ ಏನೂ ಹೇಳಬೇಡ.

ನಿನ್ನ ತಂಗಿ,
ಸುನಿತಾ


ಚಳ್ಳಕೆರೆ
14 ಡಿಸೆಂಬರ್ 2025

ಸುನಿತಾ,

ಕಾಗದ ಬಂದು ದಿನವಾಯಿತು. ಕೋಲು ನಿನ್ನಿಂದ ಹೋಗಲಿಲ್ಲ. ಬೇಡ ಎಂದರೂ ಬರೆದಿದ್ದೇನೆ. ಅವ್ವನಿಗೆ ನೀನು ಹೇಳಿದ್ದೇ ಸರಿ. ನಾನು ಬಂದಾಗ ನಾನೂ ಅದನ್ನೇ ಹೇಳುತ್ತೇನೆ.

ಹೋದ ಭಾನುವಾರ ಎಪಿಎಂಸಿ ಗೇಟಿನ ಹತ್ತಿರ ಒಬ್ಬ ಬೈಕಿನಿಂದ ಬಿದ್ದ. ನಮ್ಮ ಕಡೆಯವನಲ್ಲ, ಯಾರೋ. ಸುತ್ತ ಜನ ನಿಂತು ಫೋಟೋ ತೆಗೆಯುತ್ತಿದ್ದರು. ನಾನು ಅವನನ್ನು ಎತ್ತಿ ಆಟೋಗೆ ಹಾಕಿಕೊಂಡೆ. ಡ್ರೈವರು ಕೇಳದೆಯೇ ಅದೇ ಆಸ್ಪತ್ರೆಗೆ ತಿರುಗಿಸಿದ.

ಬೇವಿನ ಮರ ಹಾಗೇ ಇದೆ. ಈಗ ಅದಕ್ಕೆ ಕಟ್ಟೆ ಕಟ್ಟಿ, ರೋಗಿಗಳ ಕಡೆಯವರು ಇಲ್ಲಿ ಕೂರಬೇಕು ಎಂದು ಬೋರ್ಡು ಹಾಕಿದ್ದಾರೆ. ನಾನು ನಿಲ್ಲಲಿಲ್ಲ. ಅವನನ್ನು ಹೊತ್ತುಕೊಂಡು ನೇರ ಒಳಗೆ ಹೋದೆ. ಈಗ ನನ್ನನ್ನು ತಡೆಯುವ ಕಟ್ಟು ಯಾವುದೂ ಇಲ್ಲವಲ್ಲ. ಮರದಿಂದ ಬಾಗಿಲು ಇಷ್ಟು ಹತ್ತಿರ ಎಂದು ನನಗೆ ಗೊತ್ತಿರಲಿಲ್ಲ ಸುನಿತಾ. ಬೀಡಿ ಹಚ್ಚುವಷ್ಟು ಹೊತ್ತೂ ಬೇಡ.

ಒಳಗೆ ಒಬ್ಬಳೇ ಡಾಕ್ಟರು. ನಿನಗಿಂತ ಚಿಕ್ಕವಳು. ಒಂದು ಕಡೆ ಮಗುವಿಗೆ ಫಿಟ್ಸ್ ಬರುತ್ತಿತ್ತು, ಇನ್ನೊಂದು ಕಡೆ ಯಾರೋ ಔಷಧಿ ಕುಡಿದು ಬಂದಿದ್ದರು. ನಿದ್ದೆಗೆಟ್ಟ ಕಣ್ಣು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಆಗಲಿಲ್ಲ. "ಮೂಲೆ ಬೆಡ್ಡಿಗೆ ಹಾಕಿ" ಎಂದಳು. ಕಿಟಕಿಯ ಪಕ್ಕದ ಬೆಡ್ಡು. ನಾನು ಹೊರಗಿನಿಂದ ನೋಡುತ್ತಿದ್ದ ಕಿಟಕಿ.

ಅವಳು ಬಗ್ಗಿ ನೋಡಿ, "ಕುಡಿದಿದಾರಾ?" ಎಂದು ಕೇಳಿದಳು.

ಈ ಮಾತಿಗೆ ಉತ್ತರವನ್ನು ನಾನು ಎರಡು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಕುಡಿದಿಲ್ಲ, ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಇವನು ನನ್ನ ತಮ್ಮ. ಬಾಯಿ ತೆರೆದೆ. ಅವನ ಹತ್ತಿರ ಎಂಥದೋ ವಾಸನೆ ಇತ್ತು. ಅವನದೋ, ಆಟೋದ್ದೋ, ಎತ್ತಲು ಕೈ ಕೊಟ್ಟವರದ್ದೋ.

"ಗೊತ್ತಿಲ್ಲ ತಾಯಿ" ಎಂದೆ.

ಅವಳು ಏನೋ ಬರೆದುಕೊಂಡಳು. ತಲೆಗೆ ಬಿದ್ದೈತೆ, ಸ್ಕ್ಯಾನ್ ಮಾಡ್ಸಿ ಎಂದೆ. "ಸ್ಕ್ಯಾನಿಗೆ ದುರ್ಗಕ್ಕೆ ಕಳಿಸ್ಬೇಕು. ಸಂಬಂಧಿಕರು ಸಹಿ ಮಾಡಿ ಜೊತೆಗೆ ಹೋಗ್ಬೇಕು. ನೀವು ಏನಾಗ್ಬೇಕು?" ಎಂದಳು. ಏನೂ ಆಗಬೇಕಿಲ್ಲ ಎಂದೆ. ಹಾಗಾದರೆ ಅವರ ಮನೆಯವರು ಬರಲಿ, ನೀವು ಹೊರಗಿರಿ ಎಂದಳು. ಅವನ ಜೇಬಿನಲ್ಲಿದ್ದ ಫೋನು ಒಡೆದಿತ್ತು.

ಹೊರಗೆ ಬಂದು ಮರದ ಕೆಳಗೆ ನಿಂತೆ. ಕಟ್ಟೆಯ ಮೇಲೆ ಕೂರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಿಟಕಿಯಿಂದ ಗೊರಕೆ ಕೇಳಿಸಿತು.

ಓಡಿದೆ. ಬಾಗಿಲಲ್ಲಿ ನರ್ಸು ತಡೆದರು. ಅವನು ಗೊರಕೆ ಹೊಡೀತಾವ್ನೆ, ಅದು ನಿದ್ದೆ ಅಲ್ಲಮ್ಮ, ಡಾಕ್ಟರನ್ನ ಕರೀರಿ ಎಂದೆ. "ಡಾಕ್ಟ್ರು ಆ ಮಗೂನ್ನ ನೋಡ್ತಾವ್ರೆ. ಇವ್ರು ಮಲಗಿದಾರೆ, ಮಲಗ್ಲಿ ಬಿಡಿ ಅಣ್ಣ" ಎಂದು ಬಾಗಿಲು ಹಾಕಿಕೊಂಡರು.

ಗಾದ್ರಪ್ಪ